ಹಾಸಿಗೆ ಹೊಲಿಯುವವನ ಬ್ರಹ್ಮಚರ್ಯ

ದಬ್ಬಣ ಎಂಬ ಹೆಸರನ್ನು ಅವನಿಗೆ ಇಟ್ಟವಳು ಅಕ್ಕ. ಹದಿಮೂರರ ವಯಸ್ಸಿನಲ್ಲಿ, ಶಾಲೆಯ ಒಂದೇ ರಜೆಯೊಳಗೆ ಅವನು ನಾಲ್ಕು ಬೆರಳು ಎತ್ತರಕ್ಕೆ ಬೆಳೆದು, ಅಗಲಕ್ಕೆ ಮಾತ್ರ ನೂಲಿನೆಳೆಯಷ್ಟೂ ಬೆಳೆಯದೆ, ದೊಡ್ಡಪ್ಪನ ಹಾಸಿಗೆ ಅಂಗಡಿಯ ಗೋಡೆಗೆ ಒರಗಿ ನಿಂತಿದ್ದ. ದಬ್ಬಣ ಎಲ್ಲಿ ಹೋಯಿತೆಂದು ಮೂಲೆಮೂಲೆ ತಡಕುತ್ತಿದ್ದ ದೊಡ್ಡಪ್ಪನಿಗೆ ಅಕ್ಕ ತಮ್ಮನನ್ನು ತೋರಿಸಿ, ಇಲ್ಲೇ ನಿಂತಿದೆಯಲ್ಲ ಎಂದಳು. ಹಾಸಿಗೆಯ ದಪ್ಪವನ್ನು ಈ ಕಡೆಯಿಂದ ಆ ಕಡೆಗೆ ತೂರಿ ಗಂಟು ಬಿಗಿಯುವ ಗೇಣುದ್ದದ ಸೂಜಿಯ ಹೆಸರು ಅಂದಿನಿಂದ ಅವನ ಹೆಸರಾಯಿತು. ಮೂವತ್ತು ತುಂಬಿದಾಗಲೂ ಅವನ ತೂಕ ಅರವತ್ತೊಂದು ಕಿಲೋ ದಾಟಿರಲಿಲ್ಲ. ತಂದೆತಾಯಿ ಬೇಗ ತೀರಿಕೊಂಡಿದ್ದರಿಂದ ಸಾಕಿದವಳು ಅಕ್ಕ, ಕೆಲಸ ಕಲಿಸಿದವರು ದೊಡ್ಡಪ್ಪ. ಊಟ ಅಕ್ಕನ ಮನೆಯಲ್ಲಿ, ನಿದ್ದೆ ಅದೇ ಮನೆಯ ಮಹಡಿಯ ಕೋಣೆಯಲ್ಲಿ, ಉಳಿದ ಬದುಕೆಲ್ಲ ಹತ್ತಿಯ ನಡುವೆ.

ದೊಡ್ಡಪ್ಪನಿಗೆ ಲೋಕದ ಮೇಲಿದ್ದ ಒಂದೇ ಸಿಟ್ಟೆಂದರೆ, ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆ. ಕಾಲು ಮಡಿಸಿಕೋ ಎಂದು ಮಲಗುವವನಿಗೆ ಬುದ್ಧಿ ಹೇಳುವ ಬದಲು ಹಾಸಿಗೆಯನ್ನೇ ಅಳತೆಗೆ ಸರಿಯಾಗಿ ಹೊಲಿಯಬಾರದೇ ಎಂಬುದು ಅವರ ವಾದ. ಈ ವಾದದ ಫಲವಾಗಿ ಅವರ ಅಂಗಡಿಯಲ್ಲಿ ಜೋಡಿ ಹಾಸಿಗೆ ಹೊಲಿಸಲು ಬಂದವರೆಲ್ಲ ಮೊದಲು ತೂಕದ ಯಂತ್ರ ಹತ್ತಬೇಕಿತ್ತು. ಯಾರು ಎಡಕ್ಕೆ, ಯಾರು ಬಲಕ್ಕೆ ಮಲಗುವವರೆಂಬುದನ್ನೂ ಹೇಳಬೇಕಿತ್ತು. ಅದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು, ಗವಸಿನ ನಡುವೆ ತಲೆಯಿಂದ ಕಾಲಿನವರೆಗೆ ಒಂದು ಹೊಲಿಗೆ ಹಾಕಿ, ಎರಡು ಭಾಗಗಳಿಗೂ ಆಯಾ ದೇಹಕ್ಕೆ ತಕ್ಕ ತೂಕದ ಹತ್ತಿಯನ್ನು ಬೇರೆಬೇರೆಯಾಗಿ ತುಂಬುತ್ತಿದ್ದರು. ಇಂಥ ಭಾರಕ್ಕೆ ಇಷ್ಟು ಹತ್ತಿ ಎಂಬ ಲೆಕ್ಕ ಗೋಡೆಯ ಹಲಗೆಯೊಂದರ ಮೇಲೆ ಬರೆದಿತ್ತು.

ಅದಾದ ಮೇಲೆ ಮಗ್ಗುಲು ಪರೀಕ್ಷೆ. ಹೊಸ ಹಾಸಿಗೆಯ ಮೇಲೆ ಅಂಗಡಿಯ ಇಬ್ಬರು, ಎಡಕ್ಕೊಬ್ಬರು ಬಲಕ್ಕೊಬ್ಬರು, ಸೂರು ನೋಡುತ್ತ ಇಪ್ಪತ್ತು ನಿಮಿಷ ಅಲುಗಾಡದೆ ಮಲಗಬೇಕು. ಗಿರಾಕಿ ತಮಗಿಂತ ಭಾರವಿದ್ದರೆ ಎಷ್ಟು ಹೆಚ್ಚೋ ಅಷ್ಟು ಮರಳಿನ ಚೀಲಗಳನ್ನು ಹೊಟ್ಟೆಯ ಮೇಲೆ ಇಟ್ಟುಕೊಳ್ಳಬೇಕು. ಹಗುರವಿದ್ದರೆ ಪಕ್ಕದ ಕುರ್ಚಿಯ ಮೇಲೆ ಒಂದು ಕಾಲು ಚಾಚಿ ಅಷ್ಟು ಭಾರ ಕಳೆಯಬೇಕು. ನಡುವಿನ ಹೊಲಿಗೆಯ ಮೇಲೆ ಒಂದು ಗಾಜಿನ ಗೋಲಿ. ಅದು ನಿಂತಲ್ಲೇ ನಿಂತರೆ ಹಾಸಿಗೆ ತೇರ್ಗಡೆ. ಯಾವ ಕಡೆಗೆ ಉರುಳಿತೋ ಆ ಕಡೆ ಹತ್ತಿ ಸಾಲದು. ಬೀದಿಯ ಬಾಗಿಲು ತೆರೆದೇ ಇರಬೇಕೆಂಬುದು ಪರೀಕ್ಷೆಯ ನಿಯಮ. ಹಾಗಾಗಿ ಹಾಲಿನವನಿಂದ ಹಿಡಿದು ಅಂಚೆಯವನವರೆಗೆ ಎಲ್ಲರೂ ದೊಡ್ಡಪ್ಪ ದೊಡ್ಡಮ್ಮ ಹೊಟ್ಟೆಯ ಮೇಲೆ ಮರಳು ಹೊತ್ತು ಗಂಭೀರವಾಗಿ ಮಲಗಿರುವುದನ್ನು ಮೂವತ್ತು ವರ್ಷ ನೋಡಿದ್ದರು. ಇಷ್ಟೆಲ್ಲ ಮಾಡಿದ ಮೇಲೂ ಅಂಗಡಿ ನೂರು ದಿನದ ಭರವಸೆ ಕೊಡುತ್ತಿತ್ತು: ಹತ್ತಿ ತನ್ನ ಗುಣ ತೋರಿಸಲು ನೂರು ದಿನ ಬೇಕು, ಅಷ್ಟರೊಳಗೆ ಎಲ್ಲಿಯಾದರೂ ತಗ್ಗು ಬಿದ್ದರೆ ಬಿಚ್ಚಿ ಮತ್ತೆ ಹೊಲಿದುಕೊಡುತ್ತೇವೆ.

ಪರರ ಜೋಡಿ ಹಾಸಿಗೆಗಳನ್ನು ಇಷ್ಟು ಶ್ರದ್ಧೆಯಿಂದ ಹೊಲಿಯುತ್ತಿದ್ದ ದಬ್ಬಣನಿಗೆ ತನ್ನ ಹಾಸಿಗೆಯಲ್ಲಿ ಒಂಟಿತನವೇನೂ ಇರಲಿಲ್ಲ. ಅವನು ಚೆಲುವನಲ್ಲ, ಆದರೆ ನಗಿಸುತ್ತಿದ್ದ, ಮತ್ತು ಯಾರಾದರೂ ಬಾಗಿಲು ತಟ್ಟಿದರೆ ತೆರೆಯುವುದರಲ್ಲಿ ಅವನಿಗೆ ಬಿಗುಮಾನವಿರಲಿಲ್ಲ. ಆರು ವರ್ಷಗಳಲ್ಲಿ ನಾಲ್ವರು ಹೆಂಗಸರು ಬಂದರು, ಹೋದರು. ಜಗಳವಾಡಿ ಹೋದವರು ಯಾರೂ ಇಲ್ಲ. ಚೆನ್ನಾಗಿ ಹಿಂಜದ ಹತ್ತಿಯ ಹಾಗೆ ಮೊದಲ ತಿಂಗಳು ಉಬ್ಬಿ, ಮೂರನೆಯ ತಿಂಗಳಿಗೆ ಚಪ್ಪಟೆಯಾಗಿ, ಸಂಬಂಧ ತಾನೇ ಮುಗಿಯುತ್ತಿತ್ತು. ನಾಲ್ಕನೆಯವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವಳು. ಹೋಗುವ ದಿನ ಚಪ್ಪಲಿಯ ಪಟ್ಟಿ ಬಿಗಿದುಕೊಳ್ಳುತ್ತ, ಬೇಸರವೇ ಇಲ್ಲದ ದನಿಯಲ್ಲಿ ಅವಳು ಹೇಳಿದಳು:

“ನಿನ್ನ ಜೊತೆ ಮಲಗೋದು ಸುಲಭ ಕಣೋ. ಎದ್ದ ಮೇಲೆ ಏನು ಮಾಡಬೇಕು ಅಂತಾನೇ ಗೊತ್ತಾಗಲ್ಲ.”

ಬೈದಿದ್ದರೆ ಅವನು ಮರೆತುಬಿಡುತ್ತಿದ್ದ. ಬೈಗುಳವಲ್ಲದ್ದರಿಂದ ಮಾತು ಒಳಗೆ ಇಳಿದು ಕೂತಿತು. ಎರಡು ದಿನ ಯೋಚಿಸಿದ. ನಾಲ್ವರಲ್ಲಿ ಒಬ್ಬಳಿಗೆ ಅಣ್ಣನಿದ್ದನೋ ತಮ್ಮನೋ, ಇನ್ನೊಬ್ಬಳಿಗೆ ಕತ್ತಲೆಂದರೆ ಭಯವೋ ನೀರೆಂದರೆ ಭಯವೋ, ಒಂದೂ ನೆನಪಿಗೆ ಬರಲಿಲ್ಲ. ನೆನಪು ಹೋಗಿದ್ದರೆ ಕ್ಷಮಿಸಬಹುದಿತ್ತು. ಅವನು ಕೇಳಿಯೇ ಇರಲಿಲ್ಲ. ಮಾತು ಎಲ್ಲಿ ಕಷ್ಟವಾಗತೊಡಗುತ್ತಿತ್ತೋ ಅಲ್ಲಿ ದೀಪ ಆರಿಸಿಬಿಡುವುದು ಅವನ ಅಭ್ಯಾಸವಾಗಿತ್ತು. ಮೂರನೆಯ ದಿನ ಬೆಳಿಗ್ಗೆ ಅವನು ತೀರ್ಮಾನಿಸಿದ: ನೂರು ದಿನ ಆ ದಾರಿಗೇ ಹೋಗುವುದಿಲ್ಲ. ಹತ್ತಿಗೆ ಗುಣ ತೋರಿಸಲು ಅಷ್ಟು ಸಮಯ ಬೇಕಾದರೆ ತನಗೂ ಅಷ್ಟು ಬೇಕು.

ಇದನ್ನು ಅವನು ಅಕ್ಕನಿಗೊಬ್ಬಳಿಗೇ ಹೇಳಿದ. ಅಕ್ಕ ಒಗೆದ ಬಟ್ಟೆ ಮಡಿಸುತ್ತಿದ್ದವಳು ತಲೆ ಎತ್ತಲಿಲ್ಲ. ಬೆಕ್ಕು ಹಾಲು ಬಿಟ್ಟೆ ಎಂದರೆ ಪಾತ್ರೆಗೆ ಮುಚ್ಚಳ ಬಿದ್ದಿದೆ ಎಂದು ಅರ್ಥ, ಎಂದಳು. ಆಮೇಲೆ, ತಮ್ಮನ ಮುಖದಲ್ಲಿ ನಗು ಕಾಣದೆ ಗಾಬರಿಗೊಂಡು, ಗಂಡನಿಗೆ ಹೇಳಿದಳು. ಭಾವ ಕ್ಷೌರಿಕ. ಸಭ್ಯ, ಕರುಣಾಳು, ಆದರೆ ಕತ್ತರಿ ಕೈಗೆ ಬಂದೊಡನೆ ಅವರ ನಾಲಗೆಯೂ ಕತ್ತರಿಯ ತಾಳಕ್ಕೆ ಚಲಿಸತೊಡಗುತ್ತಿತ್ತು. ಅವರು ಮೊದಲು ಮಹಡಿ ಹತ್ತಿ ಬಂದು, ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿ ವಿಚಾರಿಸಿದರು.

“ನೋಡಪ್ಪ, ನಾಚ್ಕೋಬೇಡ. ನನ್ನ ಗಿರಾಕಿ ಒಬ್ರು ಡಾಕ್ಟರು ಇದಾರೆ. ವಾರಕ್ಕೊಂದ್ಸಲ ಶೇವಿಂಗಿಗೆ ಬರ್ತಾರೆ, ಹಾಗೇ ಕೇಳಿಬಿಡ್ತೀನಿ.”

“ಭಾವ, ನನಗೇನೂ ಆಗಿಲ್ಲ. ನಾನೇ ಬಿಟ್ಟಿರೋದು.”

“ಅದೇ, ಕಾಯಿಲೆ ಬಂದೋರೆಲ್ಲ ಮೊದಲು ಹಾಗೇ ಹೇಳೋದು.”

ಯಾರಿಗೂ ಹೇಳುವುದಿಲ್ಲವೆಂದು ಭಾವ ಮಾತು ಕೊಟ್ಟರು. ಆ ವಾರ ಅವರ ಅಂಗಡಿಯಲ್ಲಿ ತಲೆ ಬಗ್ಗಿಸಿ ಕೂತವರೆಲ್ಲರೂ ತಲೆ ಎತ್ತುವಷ್ಟರಲ್ಲಿ ಸುದ್ದಿ ತಿಳಿದಿದ್ದರು. ಸುದ್ದಿಯೂ ಒಂದು ಬಗೆಯ ಕ್ಷೌರಕ್ಕೆ ಒಳಗಾಯಿತೆನ್ನಬೇಕು: ಬಾಯಿಯಿಂದ ಬಾಯಿಗೆ ಹೋಗುವಾಗ ನೂರು ದಿನ ಎಂಬುದು ಉದುರಿಹೋಗಿ, ದಬ್ಬಣ ಎಲ್ಲ ಬಿಟ್ಟುಬಿಟ್ಟಿದ್ದಾನೆ ಎಂಬುದಷ್ಟೇ ಉಳಿಯಿತು.

ಬಿಟ್ಟವನ ಪಾಡು ಸುಲಭವಿರಲಿಲ್ಲ. ದೇಹಕ್ಕೆ ಕ್ಯಾಲೆಂಡರ್ ಓದಲು ಬರುವುದಿಲ್ಲ. ಐದನೆಯ ದಿನದಿಂದ ಅವನು ಬೆಳಿಗ್ಗೆ ತಣ್ಣೀರು ಸ್ನಾನ ಶುರುಮಾಡಿದ. ಒಂದೊಂದು ಚೊಂಬಿಗೂ ಅವನು ಎಳೆಯುತ್ತಿದ್ದ ಉಸಿರಿನ ಸದ್ದು ಕೆಳಗೆ ಅಡುಗೆಮನೆಗೆ ಕೇಳಿ ಅಕ್ಕ ಪಾತ್ರೆ ಹಿಡಿದುಕೊಂಡೇ ನಗುತ್ತಿದ್ದಳು. ಎಂಟನೆಯ ದಿನ ಎರಡನೆಯವಳು, ಫೋಟೋ ಸ್ಟುಡಿಯೋದವಳು, ಮರೆತ ಛತ್ರಿಯ ನೆಪದಲ್ಲಿ ಬಂದು ಅರ್ಧ ಗಂಟೆ ಕೂತಳು. ಅವಳು ಕೂದಲು ಸರಿಮಾಡಿಕೊಂಡಾಗಲೆಲ್ಲ ದಬ್ಬಣ ಗೋಡೆಯ ಹಲಗೆಯ ಲೆಕ್ಕವನ್ನು ಮನಸ್ಸಿನಲ್ಲೇ ಒಪ್ಪಿಸಿದ: ಐವತ್ತಕ್ಕೆ ಏಳೂಮುಕ್ಕಾಲು, ಅರವತ್ತಕ್ಕೆ ಒಂಬತ್ತೂವರೆ. ಎಂಬತ್ತೈದು ಕಿಲೋಗೆ ಬರುವಷ್ಟರಲ್ಲಿ ಅವಳು ಛತ್ರಿ ತೆಗೆದುಕೊಂಡು ಎದ್ದಿದ್ದಳು.

ಹತ್ತೊಂಬತ್ತನೆಯ ದಿನ ಅಂಗಡಿಗೆ ಗವಸು ಹೊಲಿಯುವ ಹೊಸಬಳು ಬಂದಳು.

ದೊಡ್ಡಮ್ಮನ ಬೆನ್ನು ಮಣಿಯದೆ, ಹೊಲಿಗೆ ಯಂತ್ರವೂ ಮಗ್ಗುಲು ಪರೀಕ್ಷೆಯೂ ಒಟ್ಟಿಗೆ ನಿಂತುಹೋಗಿದ್ದ ಕಾಲ ಅದು. ಹೊಸಬಳಿಗೆ ಮೂವತ್ತೊಂದು ವರ್ಷ. ಹೊಲಿಗೆ ಚುರುಕು, ಮಾತು ಅದಕ್ಕಿಂತ ಒಂದು ಅಂಗುಲ ಮುಂದೆ. ದೊಡ್ಡಪ್ಪ ಕೆಲಸವನ್ನೆಲ್ಲ ವಿವರಿಸಿ, ಕೊನೆಗೆ ಪರೀಕ್ಷೆಯ ವಿಷಯವನ್ನು ಗಂಟಲು ಸರಿಮಾಡಿಕೊಂಡು ಹೇಳಿದಾಗ ಅವಳು ಕತ್ತರಿಯನ್ನು ಮೇಜಿನ ಮೇಲಿಟ್ಟಳು.

“ಗೊತ್ತಿಲ್ಲದ ಗಂಡಸಿನ ಪಕ್ಕ ಮಲಗೋದೂ ಕೆಲಸದಲ್ಲಿ ಸೇರಿದೆ ಅಂತ ನೀವು ಮೊದಲೇ ಹೇಳಲಿಲ್ಲ.”

“ಗಂಡಸು ಅಂದ್ರೆ ಇವನೇನಮ್ಮ,” ಎಂದರು ದೊಡ್ಡಪ್ಪ, ಅವಳನ್ನು ಉಳಿಸಿಕೊಳ್ಳುವ ಆತುರದಲ್ಲಿ. “ಇವನು ಎಲ್ಲ ಬಿಟ್ಟಾಗಿದೆ. ಊರಿಗೇ ಗೊತ್ತು, ಯಾರನ್ನ ಬೇಕಾದ್ರೂ ಕೇಳು.”

ಅವಳು ದಬ್ಬಣನನ್ನು ಅಡಿಯಿಂದ ಮುಡಿಯವರೆಗೆ, ಬಟ್ಟೆಯ ಥಾನಿನಲ್ಲಿ ಎಲ್ಲಿ ದೋಷವಿದೆಯೆಂದು ಹುಡುಕುವವಳ ಹಾಗೆ, ನಿಧಾನವಾಗಿ ನೋಡಿದಳು. ಪೂರ್ತಿ ಬಿಟ್ಟಿದ್ದೀರಾ ಎಂದು ಕೇಳಿದಳು. ನೂರು ದಿನಕ್ಕೆ ಎಂಬ ಎರಡು ಪದ ಅವನ ನಾಲಗೆಯ ತುದಿಯಲ್ಲಿದ್ದವು. ದೊಡ್ಡಪ್ಪ ಅವಳ ಹಿಂದೆ ನಿಂತು ಕಣ್ಣಿನಲ್ಲೇ ಕೈ ಮುಗಿಯುತ್ತಿದ್ದರು. ಅವನು ತಲೆಯಾಡಿಸಿದ. ಆ ತಲೆಯಾಡಿಕೆಯೇ ಮುಂದಿನ ಎಪ್ಪತ್ತು ದಿನ ಅವನ ಕುತ್ತಿಗೆಗೆ ಸುತ್ತಿಕೊಂಡಿತು.

ಸೂರು ನೋಡುತ್ತ ಮಲಗುವುದರಲ್ಲಿ ಒಂದು ವಿಶೇಷವಿದೆ. ಒಬ್ಬರ ಮುಖ ಒಬ್ಬರಿಗೆ ಕಾಣಿಸದು, ಮಗ್ಗುಲು ತಿರುಗಿದರೆ ಗೋಲಿ ಉರುಳುತ್ತದೆ, ಎದ್ದು ಹೋಗುವಂತಿಲ್ಲ, ಉಳಿಯುವುದು ಮಾತೊಂದೇ. ಮೊದಲ ವಾರ ಅವರು ಆಡಿದ್ದು ಜಂತಿಯ ಮೇಲಿನ ಜೇಡದ ವಿಷಯ. ಎರಡನೆಯ ವಾರ ಅವಳ ಅಪ್ಪನ ಮಾತು ಬಂತು: ಅಂಚೆ ಕಚೇರಿಯಲ್ಲಿ ಮೂವತ್ತಾರು ವರ್ಷ ಪತ್ರಗಳನ್ನು ವಿಂಗಡಿಸಿದ ಮನುಷ್ಯ, ಈಗ ಎರಡು ಕಣ್ಣಿಗೂ ಪೊರೆ ಬಂದು ಮನೆಯವರನ್ನು ಹೆಜ್ಜೆಯ ಸದ್ದಿನಿಂದ ವಿಂಗಡಿಸುತ್ತಾರಂತೆ. ಮೂರನೆಯ ವಾರ ಅವಳು ತನ್ನ ಮದುವೆಯ ಕಥೆ ಹೇಳಿದಳು. ಎರಡು ವರ್ಷ ನಡೆದ ಮದುವೆ. ಗಂಡ ಕೆಟ್ಟವನಲ್ಲ, ಕುಡುಕನಲ್ಲ, ಕೈ ಎತ್ತಿದವನಲ್ಲ.

“ನಾನು ಏನಾದ್ರೂ ಹೇಳೋಕೆ ಬಾಯಿ ತೆಗೆದ್ರೆ ಹತ್ತಿರ ಬರ್ತಾ ಇದ್ರು,” ಎಂದಳು ಜೇಡಕ್ಕೆ. “ಅವರಿಗೆ ಗೊತ್ತಿದ್ದ ಉತ್ತರ ಅದೊಂದೇ. ಎರಡು ವರ್ಷ ಒಂದೇ ಉತ್ತರ ಕೇಳಿ ಸಾಕಾಯ್ತು, ಬಂದುಬಿಟ್ಟೆ.”

ಕಂಡರಿಯದ ಒಬ್ಬ ಮನುಷ್ಯನ ಹೆಸರಿನಲ್ಲಿ ತನ್ನದೇ ಚಿತ್ರ ಬಿಡಿಸಿ ಸೂರಿಗೆ ಅಂಟಿಸಿದಂತಾಗಿ ದಬ್ಬಣ ಉಸಿರು ಬಿಗಿಹಿಡಿದ. ಗೋಲಿ ಒಮ್ಮೆ ನಡುಗಿ ನಿಂತಿತು. ಅವಳು, ನಿಮ್ಮ ಪಕ್ಕ ಆ ಭಯವಿಲ್ಲ ನೋಡಿ, ಗೋಡೆಯ ಪಕ್ಕ ಮಲಗಿದ ಹಾಗಿರುತ್ತದೆ ಎಂದಳು. ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ಅವನಿಗೆ ಯಾವ ಹೆಂಗಸೂ ಕೊಟ್ಟಿರಲಿಲ್ಲ. ಇದಕ್ಕಿಂತ ಹೆಚ್ಚು ನೋಯಿಸಿದ್ದೂ ಇಲ್ಲ.

ಅವನು ಕೇಳತೊಡಗಿದ. ಕೇಳುವುದೂ ಕಲಿಯಬೇಕಾದ ಕೆಲಸವೇ ಎಂಬುದು ಅವನಿಗೆ ಆ ದಿನಗಳಲ್ಲಿ ತಿಳಿಯಿತು. ಮೊದಮೊದಲು ಅವನ ಪ್ರಶ್ನೆಗಳು ಜನಗಣತಿಯವರ ಪ್ರಶ್ನೆಗಳಂತಿದ್ದು ಅವಳು ಉತ್ತರದ ಜೊತೆ ಒಂದು ಕುಹಕವನ್ನೂ ಕೊಡುತ್ತಿದ್ದಳು. ಆದರೆ ನಲವತ್ತನೆಯ ದಿನ ದಾಟುವಷ್ಟರಲ್ಲಿ ಅವನಿಗೆ ಅವಳ ಬಗ್ಗೆ ಎಷ್ಟು ತಿಳಿದಿತ್ತೆಂದರೆ, ಹಿಂದಿನ ನಾಲ್ವರ ಬಗ್ಗೆ ತಿಳಿದದ್ದನ್ನೆಲ್ಲ ಒಟ್ಟು ಸೇರಿಸಿದರೂ ಅದರ ಕಾಲು ಭಾಗ ಆಗುತ್ತಿರಲಿಲ್ಲ. ಗುಂಡಿ ಹೊಲಿಯುವುದೆಂದರೆ ಅವಳಿಗೆ ಆಗದು. ಸೂಜಿಗೆ ದಾರ ಪೋಣಿಸುವಾಗ ಉಸಿರು ಹಿಡಿಯುತ್ತಾಳೆ. ಸಿಟ್ಟು ಬಂದಾಗ ಜೋರು ಮಾತಾಡುವುದಿಲ್ಲ, ಮಾತೇ ಆಡುವುದಿಲ್ಲ. ಇದಿಷ್ಟೂ ತಿಳಿದು, ಬೇಕೆನ್ನಿಸುವುದೂ ಶುರುವಾಗಿತ್ತು. ಅದೊಂದು ವಿಚಿತ್ರ ಸಂಕಟ: ವ್ರತವನ್ನು ಮುರಿದರೆ ಅವಳ ಕಣ್ಣಿನಲ್ಲಿ ಗೋಡೆ ಬೀಳುತ್ತದೆ, ಮುಗಿಸಿದರೂ ಬೀಳುತ್ತದೆ. ಹಿಂದೆ ದಿನ ಬೇಗ ಉರುಳಲೆಂದು ಬೇಡುತ್ತಿದ್ದವನು ಈಗ ಒಂದೊಂದು ದಿನ ಕಳೆದಾಗಲೂ ಕಳವಳಪಡತೊಡಗಿದ. ಹೇಳಬೇಕೆಂದು ದಿನವೂ ನಿರ್ಧರಿಸಿ, ಹಾಸಿಗೆಯ ಮೇಲೆ ಬೆನ್ನು ತಾಕಿದೊಡನೆ, ಇನ್ನೊಂದು ದಿನ ಹೀಗೇ ಇರಲಿ ಎಂದುಕೊಳ್ಳುತ್ತಿದ್ದ.

ಅರವತ್ತೈದನೆಯ ದಿನದ ಸುಮಾರಿಗೆ ದೊಡ್ಡಪ್ಪ ಮಂಡಿನೋವಿನ ಚಿಕಿತ್ಸೆಗೆಂದು ಮೂರು ವಾರ ಅಂಗಡಿಗೆ ಬರಲಿಲ್ಲ. ಒಂಬತ್ತು ಜೋಡಿ ಹಾಸಿಗೆಗಳ ಚೀಟಿಗಳನ್ನು ಬರೆದಿಟ್ಟು, ಹತ್ತಿ ತೂಗುವುದನ್ನು ಮೊದಲ ಬಾರಿಗೆ ದಬ್ಬಣನ ಕೈಗೇ ಬಿಟ್ಟು ಹೋದರು. ಅವನು ಬೆಳಿಗ್ಗೆ ತೂಗಿದ, ಮಧ್ಯಾಹ್ನ ತುಂಬಿದ, ಸಂಜೆಯ ಬೆಳಕಿನಲ್ಲಿ ಇಬ್ಬರೂ ಮಲಗಿ ಪರೀಕ್ಷಿಸಿದರು. ಆ ಮೂರು ವಾರ ಗೋಲಿ ಒಮ್ಮೆಯೂ ಅಲುಗಲಿಲ್ಲ. ಒಂಬತ್ತಕ್ಕೆ ಒಂಬತ್ತೂ ತೇರ್ಗಡೆ. ಅಂಗಡಿಯ ಚರಿತ್ರೆಯಲ್ಲೇ ಇಂಥದ್ದು ನಡೆದಿರಲಿಲ್ಲ. ದೊಡ್ಡಪ್ಪ ಮಲಗಿದಲ್ಲಿಂದಲೇ ಹೇಳಿ ಕಳಿಸಿ ಶಹಬಾಸ್ ಎಂದರು.

ಎಂಬತ್ತೆಂಟನೆಯ ದಿನ ಮೊದಲ ಹಾಸಿಗೆ ಹಿಂದಿರುಗಿತು. ಲಾರಿ ಡ್ರೈವರ್ ಮತ್ತು ಅವನ ಹೆಂಡತಿ ಅದನ್ನು ತಮ್ಮ ಲಾರಿಯಲ್ಲೇ ಹಾಕಿಕೊಂಡು ಬಂದರು. ಡ್ರೈವರ್ ನೂರನಾಲ್ಕು ಕಿಲೋ. ಮಲಗಿದರೆ ಅವನ ಕಡೆ ಬಾವಿಯ ಹಾಗೆ ತಗ್ಗುತ್ತದೆ, ತಾನು ಉರುಳಿ ಅವನ ಮೇಲೆ ಬೀಳುತ್ತೇನೆ, ಮೇಲಕ್ಕೆ ಸರಿದರೂ ಮತ್ತೆ ಉರುಳುತ್ತೇನೆ ಎಂದು ಹೆಂಡತಿ ದೂರಿದಳು.

“ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯ್ತು. ಈ ವಯಸ್ಸಲ್ಲಿ ದಿನಾ ಇವರ ಮೇಲೆ ಬೀಳೋ ಹಣೆಬರಹ ನನಗ್ಯಾಕೆ?”

“ನನಗೇನೂ ತಕರಾರಿಲ್ಲ,” ಎಂದ ಡ್ರೈವರ್, ಲಾರಿಯ ಚಕ್ರವನ್ನು ನೋಡುತ್ತ. “ನಾನು ಬೇಡ ಅಂತಾನೇ ಅಂದೆ. ಇವಳೇ ಕರ್ಕೊಂಡು ಬಂದಿದ್ದು.”

ಮರುದಿನ ಮತ್ತೆ ನಾಲ್ಕು ಬಂದವು. ಅವುಗಳಲ್ಲೊಂದು ನಿವೃತ್ತ ಟೀಚರುಗಳಾದ ಅಕ್ಕತಂಗಿಯರದು. ಗಾಳಿ ಬೀಸಿದರೆ ಹಾರಿಹೋಗುವಂತಿದ್ದ ಆ ಇಬ್ಬರಿಗೆ ಹಾಸಿಗೆ ಮೆತ್ತಗಾಗದೆ ಹಲಗೆಯಂತಿತ್ತು. ದೊಡ್ಡಪ್ಪ ಊರುಗೋಲನ್ನು ಬದಿಗಿಟ್ಟು, ಐದೂ ಹಾಸಿಗೆಗಳ ತಲೆಗಡೆಯ ಹೊಲಿಗೆ ಬಿಚ್ಚಿಸಿ, ಎರಡೆರಡು ಭಾಗಗಳ ಹತ್ತಿಯನ್ನೂ ತೂಕಕ್ಕೆ ಹಾಕಿದರು. ಮೊದಲನೆಯದರಲ್ಲಿ ಎಡಕ್ಕೆ ಒಂಬತ್ತೂವರೆ, ಬಲಕ್ಕೆ ಎಂಟೂಕಾಲು. ಎರಡನೆಯದರಲ್ಲಿ ಎಡಕ್ಕೆ ಒಂಬತ್ತೂವರೆ, ಬಲಕ್ಕೆ ಎಂಟೂಕಾಲು. ಐದನೆಯದನ್ನು ತೂಗುವಾಗ ಅವರು ಮುಳ್ಳನ್ನು ನೋಡಲೂ ಇಲ್ಲ. ಗೋಡೆಯ ಹಲಗೆಯತ್ತ ನಡೆದು ಬೆರಳಿಟ್ಟು ಓದಿದರು: ಒಂಬತ್ತೂವರೆ ಎಂದರೆ ಅರವತ್ತರ ಆಸುಪಾಸಿನ ದೇಹ. ಎಂಟೂಕಾಲು ಎಂದರೆ ಐವತ್ತನಾಲ್ಕು.

“ಊರಿನ ಗಂಡಸರೆಲ್ಲ ಯಾವಾಗಿಂದ ಅರವತ್ತೊಂದು ಕಿಲೋ ಆದ್ರು?” ಎಂದರು ದೊಡ್ಡಪ್ಪ.

ಅರವತ್ತೊಂದು ಕಿಲೋ ಅಲ್ಲೇ ಕಂಬದ ಪಕ್ಕ ಇನ್ನೊಂದು ಕಂಬವಾಗಿ ನಿಂತಿತ್ತು. ದಬ್ಬಣ ಬೇಕೆಂದು ಮಾಡಿದ್ದಲ್ಲ. ಚೀಟಿ ಎದುರಿಗಿತ್ತು, ಅವನು ಓದಿಯೂ ಇದ್ದ. ಆದರೆ ತಕ್ಕಡಿಯ ಮುಂದೆ ಕೂತಾಗ ಸಂಜೆಯ ಇಪ್ಪತ್ತು ನಿಮಿಷಗಳೇ ಕಣ್ಣ ಮುಂದಿದ್ದು, ಕೈ ತನ್ನ ಪಾಡಿಗೆ ಎಡಕ್ಕೆ ತನ್ನನ್ನೂ ಬಲಕ್ಕೆ ಅವಳನ್ನೂ ತೂಗುತ್ತ ಹೋಗಿತ್ತು. ಮೂರು ವಾರ ಅವನು ಊರಿನವರಿಗೆಲ್ಲ ಒಂದೇ ಹಾಸಿಗೆಯನ್ನು ಒಂಬತ್ತು ಸಲ ಹೊಲಿದಿದ್ದ.

“ಸರಿ, ಇವನ ತಲೆ ಹತ್ತಿಯೊಳಗೆ ಹೋಗಿತ್ತು ಅಂತಿಟ್ಕೊಳ್ಳೋಣ,” ದೊಡ್ಡಪ್ಪ ಮುಂದುವರಿಸಿದರು. “ಪರೀಕ್ಷೆಯಲ್ಲಿ ಗೊತ್ತಾಗಬೇಕಿತ್ತಲ್ಲ. ನೂರನಾಲ್ಕು ಕಿಲೋ ಅಂದ್ರೆ ಹೊಟ್ಟೆ ಮೇಲೆ ನಾಲ್ಕು ಚೀಲ. ಇಟ್ಕೊಂಡಿದ್ರಾ?”

ಮರಳಿನ ಚೀಲಗಳು ಮೂಲೆಯಲ್ಲಿದ್ದವು. ಮೇಲೆ ಮೂರು ವಾರದ ಹತ್ತಿಯ ಧೂಳು ಕದಡದೆ ಕೂತಿತ್ತು. ದೊಡ್ಡಪ್ಪ ಅದರ ಮೇಲೊಂದು ಗೆರೆ ಎಳೆದು, ಬೆರಳನ್ನು ನೋಡಿಕೊಂಡು, ಮತ್ತೇನೂ ಕೇಳದೆ ಒಳಗೆ ಹೋದರು. ಹೊಲಿಗೆಯವಳ ಕಿವಿ ಕೆಂಪಾಗಿತ್ತು. ಅವಳು ದಬ್ಬಣನನ್ನು ನೋಡಲಿಲ್ಲ, ಮಾತನ್ನೂ ಆಡಲಿಲ್ಲ. ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ಮಧ್ಯಾಹ್ನಕ್ಕೇ ಮನೆಗೆ ಹೊರಟುಹೋದಳು. ಅವಳು ಮಾತಾಡದಿದ್ದರೆ ಏನರ್ಥವೆಂದು ತಿಳಿದಿದ್ದ ಅವನಿಗೆ ಎದೆಯೊಳಗೆ ಯಾರೋ ಹೊಲಿಗೆ ಬಿಚ್ಚಿದಂತಾಯಿತು. ಆ ಸಂಜೆ ಅಕ್ಕ ಬಡಿಸಿದ್ದನ್ನು ಅವನು ಮುಟ್ಟಲಿಲ್ಲ. ಭಾವ, ಡಾಕ್ಟರಿಗೆ ಹೇಳಲೇ ಎಂದು ಕೇಳಿದ್ದಕ್ಕೆ ಅಕ್ಕ ಸೌಟು ತೋರಿಸಿ ಅವರ ಬಾಯಿ ಮುಚ್ಚಿಸಿದಳು.

ಬೆಳಿಗ್ಗೆ ಅವನು ಬರುವ ಮೊದಲೇ ಅವಳು ಬಂದಿದ್ದಳು. ಒಂಬತ್ತು ಹಾಸಿಗೆ ಕೆಡಿಸಿ ಓಡಿಹೋದವಳು ಎನ್ನಿಸಿಕೊಳ್ಳಲು ಅವಳು ಸಿದ್ಧಳಿರಲಿಲ್ಲ. ಡ್ರೈವರನ ಹಾಸಿಗೆಯ ನಡುಹೊಲಿಗೆಯನ್ನು ಒಂದು ತುದಿಯಿಂದ ಅವಳು ಬಿಚ್ಚುತ್ತಿದ್ದಳು. ದಬ್ಬಣ ಇನ್ನೊಂದು ತುದಿಯಲ್ಲಿ ಕೂತು ಬಿಚ್ಚತೊಡಗಿದ. ಆಮೇಲೆ, ಮೊದಲ ಬಾರಿಗೆ ಸೂರನ್ನಲ್ಲ, ಅವನನ್ನು ನೋಡಿ ಅವಳು ಕೇಳಿದಳು.

“ನಿಜ ಹೇಳಿ. ಎಲ್ಲ ಬಿಟ್ಟಿದೀನಿ ಅಂದಿದ್ದು ನನ್ನ ಪಕ್ಕ ಮಲಗೋಕೆ ಕಟ್ಟಿದ ಕಥೆನಾ?”

“ಅಲ್ಲ. ನೀವು ಬರೋಕೆ ಹದಿನೆಂಟು ದಿನ ಮುಂಚೆನೇ ಶುರು ಮಾಡಿದ್ದೆ. ಆದ್ರೆ ಪೂರ್ತಿ ಬಿಟ್ಟಿಲ್ಲ. ನೂರು ದಿನಕ್ಕೆ ಮಾತ್ರ.”

“ಅವತ್ತೇ ಯಾಕೆ ಹೇಳಲಿಲ್ಲ?”

“ಅವತ್ತು ಹೇಳಿದ್ರೆ ನೀವು ಕೆಲಸ ಬಿಡ್ತಿದ್ರಿ. ಆಮೇಲೆ ಹೇಳಿದ್ರೆ ಮಾತು ಬಿಡ್ತಿದ್ರಿ.”

ಅವಳು ಮೊಳದುದ್ದ ಹೊಲಿಗೆ ಬಿಚ್ಚಿದಳು. ಯಾಕೆ ಶುರು ಮಾಡಿದಿರಿ ಎಂದು ಕೇಳಿದ್ದಕ್ಕೆ ಅವನು ನಾಲ್ವರ ಕಥೆಯನ್ನೂ, ಚಪ್ಪಲಿಯ ಪಟ್ಟಿ ಬಿಗಿಯುತ್ತ ನಾಲ್ಕನೆಯವಳು ಆಡಿದ ಮಾತನ್ನೂ, ಒಂದಕ್ಷರ ಬಿಡದೆ, ತನ್ನ ಪರವಾಗಿ ಏನೂ ಸೇರಿಸದೆ ಹೇಳಿದ. ನಿಮ್ಮ ಗಂಡನ ಬಗ್ಗೆ ನೀವು ಹೇಳಿದ ದಿನ ಎದ್ದು ಓಡಿಹೋಗಬೇಕೆನ್ನಿಸಿತ್ತು ಎಂದೂ ಹೇಳಿದ. ಅವಳು ನಗಲಿಲ್ಲ; ಮುಖವನ್ನೂ ತಿರುಗಿಸಲಿಲ್ಲ.

“ಇನ್ನೆಷ್ಟು ಉಳಿದಿದೆ?”

“ಹತ್ತು ದಿನ. ಆಮೇಲೆ ಏನಾಗುತ್ತೋ ಅಂತಾನೇ ಭಯ.”

“ಭಯ ಯಾಕೆ? ಖುಷಿ ಅಲ್ವಾ?”

“ನನಗೆ ಅದೊಂದೇ ಚೆನ್ನಾಗಿ ಬರ್ತಾ ಇದ್ದಿದ್ದು. ಈ ಮಾತಾಡೋದು, ಕೇಳೋದು ಈಗಷ್ಟೇ ಕಲ್ತಿರೋದು. ಅದು ಬಂದ್ರೆ ಇದು ಮರೆತು ಹೋಗುತ್ತೇನೋ ಅಂತ.”

ಇಬ್ಬರೂ ಬಿಚ್ಚುತ್ತ ಬಿಚ್ಚುತ್ತ ಹಾಸಿಗೆಯ ನಡುವಿಗೆ ಬಂದಿದ್ದರು. ಕೊನೆಯ ಗೇಣುದ್ದದ ಹೊಲಿಗೆಯನ್ನು ಅವಳು ಬಿಚ್ಚಲಿಲ್ಲ. ಕತ್ತರಿಯ ತುದಿಯಿಂದ ಅದನ್ನು ತಟ್ಟುತ್ತ, ಬಹಳ ಗಂಭೀರವಾಗಿ ತಪ್ಪೊಪ್ಪಿಕೊಂಡಳು.

“ಮರಳಿನ ಚೀಲ ನನಗೆ ಮರೆತಿರಲಿಲ್ಲ. ಹೊಟ್ಟೆ ಮೇಲೆ ಅದನ್ನ ಇಟ್ಕೊಂಡ್ರೆ ನಗೋಕೆ ಆಗಲ್ಲ. ಅದಕ್ಕೇ ಸುಮ್ಮನಿದ್ದೆ.”

ದಬ್ಬಣನ ಮುಖ ಅರಳುತ್ತಿರುವುದನ್ನು ಕಂಡು ಅವಳು ಕತ್ತರಿ ಎತ್ತಿ ಅವನನ್ನು ಅಲ್ಲೇ ತಡೆದಳು. ಇದನ್ನು ಒಪ್ಪಿಗೆ ಎಂದು ತಿಳಿಯಬೇಡಿ ಎಂದಳು. ಬಿಟ್ಟಿರುವವನ ಜೊತೆ ಮಾತಾಡುವುದು ಸುಲಭ. ತಾನು ನೋಡಬೇಕಾದದ್ದು ನೂರಾ ಒಂದನೆಯ ದಿನದವನನ್ನು. ಅವನು ಇವನೇ ಆಗಿದ್ದರೆ ಉತ್ತರ ಹೇಳುತ್ತೇನೆ, ಬೇರೆ ಯಾರಾದರೂ ಆಗಿದ್ದರೆ ಅಂದೇ ಪರದೆ ಹೊಲಿಯುವ ಅಂಗಡಿ ಯಾವುದಾದರೂ ಹುಡುಕಿ ಅಲ್ಲಿ ಕೆಲಸ ಕೇಳುತ್ತೇನೆ.

ಮುಂದಿನ ಹತ್ತು ದಿನ ಅವರು ಉಳಿದ ನಾಲ್ಕನ್ನೂ ತರಿಸಿಕೊಂಡು, ಒಂಬತ್ತು ಹಾಸಿಗೆಗಳನ್ನೂ ಬಿಚ್ಚಿ, ಹಿಂಜಿ, ಚೀಟಿಯಂತೆ ತೂಗಿ ತುಂಬಿದರು. ದೊಡ್ಡಪ್ಪ ತಕ್ಕಡಿಯ ಮುಂದೆ ಕಾವಲು ಕೂತರು. ಪರೀಕ್ಷೆಯಲ್ಲಿ ಇಬ್ಬರ ಹೊಟ್ಟೆಯ ಮೇಲೂ ಬೇಕಾದಷ್ಟು ಮರಳು ಇದ್ದುದರಿಂದ ಉಸಿರಾಡುವುದೇ ಸಾಹಸವಾಯಿತು, ಮಾತಿನ ಪ್ರಶ್ನೆ ಏಳಲಿಲ್ಲ. ಡ್ರೈವರನ ಹಾಸಿಗೆ ಸರಿಯಾಗಿ ತಲುಪಿತು. ಮೂರು ದಿನದ ಮೇಲೆ ಅವನೊಬ್ಬನೇ ಬಂದು, ಹಿಂದಿನ ಹಾಗೇ ಮಾಡಿಕೊಡಲು ಸಾಧ್ಯವೇ ಎಂದು ದೊಡ್ಡಪ್ಪನ ಕಿವಿಯಲ್ಲಿ ವಿಚಾರಿಸಿ ಹೋದ.

ನೂರಾ ಒಂದನೆಯ ದಿನ ಭಾನುವಾರವಲ್ಲದಿದ್ದರೂ ಭಾವ ಅವನನ್ನು ಬೆಳಿಗ್ಗೆಯೇ ಕೂರಿಸಿ ಕ್ಷೌರ ಮಾಡಿದರು. ಯುದ್ಧಕ್ಕೆ ಹೊರಟವನಿಗೆ ಹೇಳುವಂತೆ ಕೆಲವು ಹಿತವಚನಗಳನ್ನೂ ಹೇಳಿದರು. ಅವು ಯಾವುವೂ ಇಲ್ಲಿ ಬರೆಯುವಂಥವಲ್ಲ. ಅಂಗಡಿಯ ಬಾಗಿಲಲ್ಲಿ ಹೊಲಿಗೆಯವಳು ನಿಂತಿದ್ದಳು. ಅಪ್ಪನಿಗೆ ಶಸ್ತ್ರಚಿಕಿತ್ಸೆಯಾಗಿದೆ, ಇಂದು ಕಣ್ಣಿನ ಪಟ್ಟಿ ಬಿಚ್ಚುತ್ತಾರೆ, ಆಸ್ಪತ್ರೆಗೆ ಬರುತ್ತೀರಾ ಎಂದು ಕೇಳಿದಳು. ನೂರು ದಿನ ಕಾದವನು ಈ ದಿನವನ್ನು ಹಲವು ಬಗೆಯಲ್ಲಿ ಕಲ್ಪಿಸಿಕೊಂಡಿದ್ದ. ಯಾವುದರಲ್ಲೂ ಸರದಿಯ ಚೀಟಿ ಹಿಡಿದು ಮರದ ಬೆಂಚಿನ ಮೇಲೆ ಐದು ಗಂಟೆ ಕೂರುವುದಿರಲಿಲ್ಲ.

ಬೆಂಚಿನ ನಡುವೆ ಅಪ್ಪ, ಆಚೆಗೆ ಅವಳು, ಈಚೆಗೆ ಅವನು. ಅವನು ಯಾರೆಂದು ಅವಳು ಹೇಳಲಿಲ್ಲ, ಅಪ್ಪನೂ ಕೇಳಲಿಲ್ಲ. ಪಕ್ಕದಲ್ಲಿ ಕಿವಿಯೊಂದಿದೆ ಎಂಬುದಷ್ಟೇ ಅವರಿಗೆ ಸಾಕಾಗಿತ್ತು. ವಿಳಾಸವಿಲ್ಲದ ಪತ್ರಗಳನ್ನು ಏನು ಮಾಡುತ್ತಿದ್ದಿರಿ ಎಂದು ದಬ್ಬಣ ಕೇಳಿದ. ಅಲ್ಲಿಂದ ಮುದುಕರ ಮೂವತ್ತಾರು ವರ್ಷ ಬಿಚ್ಚಿಕೊಂಡಿತು. ಅವನು ಮತ್ತೆ ಕೇಳಿದ, ಮತ್ತೆ ಅವರು ಹೇಳಿದರು; ಬರಿಯ ಊರಿನ ಹೆಸರು ಬರೆದ ಪತ್ರವನ್ನು ಅಕ್ಷರದ ಓರೆಯಿಂದಲೇ ಮನೆ ಮುಟ್ಟಿಸಿದ ಕಥೆಯ ನಡುವೆ ಸರದಿ ಬಂದೇಬಿಟ್ಟಿತು. ಇಂದು ಯಾವ ದಿನವೆಂಬುದು ಮೂರು ಗಂಟೆಗಳಿಂದ ತನ್ನ ನೆನಪಿಗೇ ಬಂದಿಲ್ಲವೆಂದು ಅವನಿಗೆ ಆಗ ಹೊಳೆಯಿತು. ತಲೆ ತಿರುಗಿಸಿದರೆ, ಅವಳು ಅಪ್ಪನ ತಲೆಯ ಮೇಲಿಂದ ಅವನನ್ನೇ ನೋಡುತ್ತಿದ್ದಳು, ಎಷ್ಟು ಹೊತ್ತಿನಿಂದಲೋ.

ನರ್ಸ್ ಪಟ್ಟಿ ಬಿಚ್ಚಿದಳು. ಮುದುಕರು ಕಣ್ಣು ಮಿಟುಕಿಸಿ ಮೊದಲು ಗೋಡೆಯ ಗಡಿಯಾರವನ್ನು, ಆಮೇಲೆ ಮಗಳನ್ನು, ಆಮೇಲೆ ಅವಳ ಪಕ್ಕದಲ್ಲಿ ಎದ್ದು ನಿಂತಿದ್ದವನನ್ನು ಕಾಲಿನಿಂದ ಹಿಡಿದು ಮೇಲೆ, ಇನ್ನೂ ಮೇಲೆ, ನೋಡುತ್ತ ಹೋದರು.

“ಇವರು ಯಾರಮ್ಮ?”

“ನಾನು ಮದುವೆ ಆಗೋಣ ಅಂತಿರೋರು, ಅಪ್ಪ,” ಎಂದಳು ಅವಳು. “ಅವರಿಗಿನ್ನೂ ಹೇಳಿಲ್ಲ.”

ಕೇಳಿಸಿಕೊಂಡ ದಬ್ಬಣ ಬೆಂಚಿನ ಮೇಲೆ ಕೂತುಬಿಟ್ಟ. ಮುದುಕರು ಹೊಸ ಕಣ್ಣಿನಿಂದ ಅವನನ್ನು ಇನ್ನೊಮ್ಮೆ ಪರಿಶೀಲಿಸಿ, ಕೂತರೆ ಪರವಾಗಿಲ್ಲ, ಮುಖ ಕಾಣಿಸುತ್ತದೆ ಎಂದರು.